ಅರಿಷಿಣದ ಮದ್ದು, ಕಾಡಿನ ಮದ್ದು ಮತ್ತು ವರ್ತಕರ ಹೊಣೆ

ರಾಯಬಾಗ, ಅಥಣಿ, ಚಿಕ್ಕೋಡಿ ತಾಲೂಕುಗಳ ನೀರಾವರಿ ಭೂಮಿಯಲ್ಲಿ ಕಬ್ಬಿನ ಜೊತೆಗೆ ಅರಿಷಿಣವನ್ನೂ ಬೆಳೆಯಲಾಗುತ್ತದೆ. ರೈತರು ಕುದಿಸಿ ಒಣಗಿಸಿದ ಮಾಲು ಸಾಂಗಲಿ ಪೇಟೆಗೆ ಹೋಗುವುದು ಹಳೆಯ ರೂಢಿ. ಗಾಯಕ್ಕೆ ಅರಿಷಿಣ ಪುಡಿ ಒತ್ತುವುದು, ಕೆಮ್ಮಿಗೆ ಬಿಸಿಹಾಲಿನಲ್ಲಿ ಬೆರೆಸಿ ಕುಡಿಸುವುದು, ದನಗಳ ಹುಣ್ಣಿಗೆ ಎಣ್ಣೆಯೊಡನೆ ಹಚ್ಚುವುದು ಇಲ್ಲಿನ ಮನೆಮನೆಗೂ ತಿಳಿದ ಸಂಗತಿ. ಇದಕ್ಕೆ ವಾಣಿಜ್ಯ ಮೌಲ್ಯವುಂಟೆಂದು ಯಾರೂ ಎಣಿಸಿರಲಿಲ್ಲ.

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಷಿಣ ಬಳಸುವ ವಿಧಾನದ ಮೇಲೆಯೇ ಪೇಟೆಂಟು ದೊರೆಯಿತು! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಸೇರಿದಂತೆ 32 ಆಧಾರಗಳನ್ನು ಮುಂದಿಟ್ಟು ವಾದಿಸಿದ ಫಲವಾಗಿ 1997ರಲ್ಲಿ ಅದು ರದ್ದಾಯಿತು. ಅಂದಿನ ಅಮೆರಿಕದ ಕಾನೂನಿನಂತೆ ಪರದೇಶದ ರೂಢಿಬಳಕೆಗೆ ಮುದ್ರಿತ ಆಧಾರವಿಲ್ಲದಿದ್ದರೆ ಬೆಲೆಯಿರಲಿಲ್ಲ. ಅರಿಷಿಣವನ್ನು ಉಳಿಸಿದ್ದು ಅಜ್ಜಿಯರ ಮಾತಲ್ಲ, ಹಳೆಯ ಹೊತ್ತಿಗೆಗಳು.

ವನವಾಸಿಗಳ ಜ್ಞಾನಕ್ಕೆ ಇಂತಹ ಹೊತ್ತಿಗೆಗಳ ಬೆಂಬಲ ವಿರಳ. ಕೇರಳದ ಅಗಸ್ತ್ಯಮಲೆಯ ಕಾಣಿ ಜನರು ದಣಿವಾರಿಸಿಕೊಳ್ಳಲು ‘ಆರೋಗ್ಯಪಚ್ಚ’ ಎಂಬ ಸಸ್ಯದ ಕಾಯಿ ತಿನ್ನುವುದನ್ನು 1987ರಲ್ಲಿ ವಿಜ್ಞಾನಿಗಳು ಕಂಡರು. ಅದರಿಂದ ಸಿದ್ಧವಾದ ‘ಜೀವನಿ’ ಔಷಧದ ತಯಾರಿಕಾ ಪರವಾನಿಗೆಯನ್ನು 1995ರಲ್ಲಿ ಕೊಯಮತ್ತೂರಿನ ಕಂಪನಿಯೊಂದಕ್ಕೆ 10 ಲಕ್ಷ ರೂಪಾಯಿಗೆ ನೀಡಲಾಯಿತು. ಶುಲ್ಕ ಹಾಗೂ ಶೇ. 2ರ ರಾಯಧನದಲ್ಲಿ ಅರ್ಧಪಾಲು ಕಾಣಿಗಳಿಗೆಂದು ನಿಗದಿಯಾಯಿತು. ಆಗ ಹಾಗೆ ಕೊಡಬೇಕೆಂಬ ಕಾಯಿದೆ ದೇಶದಲ್ಲಿರಲಿಲ್ಲವೆಂಬುದು ಗಮನಾರ್ಹ.

ಆ ಕಾಯಿದೆ ಬಂದದ್ದು 2002ರಲ್ಲಿ. ಜೀವವೈವಿಧ್ಯ ಕಾಯಿದೆಯ 7ನೆಯ ಕಲಮಿನಂತೆ ಸಸ್ಯಸಂಪತ್ತನ್ನು ವಾಣಿಜ್ಯ ಬಳಕೆಗೆ ಪಡೆಯುವ ದೇಶೀಯ ತಯಾರಕರೂ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ದೇಶೀಯ ಕಂಪನಿಗಳು ಲಾಭದ ಪಾಲನ್ನೂ ಕೊಡಬೇಕೆಂದು ಉತ್ತರಾಖಂಡ ಹೈಕೋರ್ಟು 2018ರಲ್ಲಿ ತೀರ್ಪಿತ್ತಿತು. 2023ರ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಯಾಗಿ, ಕೃಷಿ ಮಾಡಿ ಬೆಳೆದ ಔಷಧೀಯ ಸಸ್ಯಗಳಿಗೆ ವಿನಾಯಿತಿ ನೀಡಿದೆ. ಆದರೆ ಇದಕ್ಕೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ಕಾಯಿದೆಯ ಉಲ್ಲಂಘನೆಗೆ ಮೊದಲಿದ್ದ ಜೈಲುಶಿಕ್ಷೆ ಹೋಗಿ, 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಸಣ್ಣ ತಯಾರಕರಿಗೆ ಇದೇನೂ ಹಗುರವಾದ ಬದಲಾವಣೆಯಲ್ಲ.

ಆದ್ದರಿಂದ ರಾಯಬಾಗದ ಹೊಲದ ಅರಿಷಿಣವನ್ನೂ ಕಾಡಿನಿಂದ ಆಯ್ದು ತಂದ ಅಳಲೆಕಾಯಿಯನ್ನೂ ಕೊಂಡು ಔಷಧ ತಯಾರಿಸುವ ನಿಪ್ಪಾಣಿ ಅಥವಾ ಕಾಗವಾಡದ ಘಟಕವು ಎರಡರ ಲೆಕ್ಕವನ್ನೂ ಬೇರೆಬೇರೆ ಇಡುವುದು ಅವಶ್ಯ. ಅರಿಷಿಣಕ್ಕೆ ರೈತನ ಊರಿನ ಸಮಿತಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಅಳಲೆಕಾಯಿಗೆ ಕೃಷಿಯ ವಿನಾಯಿತಿ ಅನ್ವಯಿಸದು; ಅದನ್ನು ಎಲ್ಲಿಂದ, ಯಾರಿಂದ, ಎಷ್ಟು ಕೊಳ್ಳಲಾಯಿತೆಂಬ ದಾಖಲೆಯಿಟ್ಟು, ಖರೀದಿಗೆ ಮುನ್ನ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಯನ್ನು ವಿಚಾರಿಸತಕ್ಕದ್ದು.