ಮಹಾಮಾರಿಯ ಕಾಲದ ವಿದ್ಯಾದಾಸೋಹ

ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಸುತ್ತಣ ಬೀದಿಗಳಲ್ಲಿ, ಮಹಡಿಯ ಮೇಲಿನ ಒಂದು ಕೋಣೆಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ವಾಡಿಕೆ ಹಳೆಯದು. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳಿಂದ ಓದಲು ಬಂದ ನಮ್ಮ ಸಮಾಜದ ಹುಡುಗರು, ಬಸವನಗುಡಿಯ ಕಡೆಯ ಕಾಲೇಜುಗಳಿಗೆ ನಡೆದೇ ಹೋಗಿಬರಬಹುದೆಂದು ಈ ಕೋಣೆಗಳನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಮಹಡಿಯ ಕೋಣೆಯಲ್ಲಿಯೂ ಹಾವೇರಿ ಜಿಲ್ಲೆಯ ಒಬ್ಬ ಹುಡುಗನಿದ್ದನು. ವಿಜ್ಞಾನ ಪದವಿಯ ಕೊನೆಯ ವರ್ಷ. 2020ರ ಮಾರ್ಚ್ ತಿಂಗಳ ನಡುವೆ ಕಾಲೇಜುಗಳಿಗೆ ಒಂದು ವಾರದ ರಜೆಯೆಂದು ಸರ್ಕಾರ ಸಾರಿದಾಗ, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿಕೊಂಡು, "ಸೋಮವಾರ ಬಂದುಬಿಡ್ತೀನ್ರಿ ಅಮ್ಮಾ, ಕೀಲಿ ನಿಮ್ಮ ಕಡೆ ಇರ್ಲಿ" ಎಂದು ಹೇಳಿ ರಾತ್ರಿಯ ಬಸ್ಸು ಹತ್ತಿದನು. ಅವನು ಮರಳಿ ಬಂದದ್ದು ಸೆಪ್ಟೆಂಬರಿನಲ್ಲಿ, ಪರೀಕ್ಷೆ ಬರೆಯಲು. ಆರು ತಿಂಗಳು ಅವನ ಪುಸ್ತಕಗಳು ಮೇಜಿನ ಮೇಲೆ ತೆರೆದಿಟ್ಟಂತೆಯೇ ಇದ್ದವು. ವಾರಕ್ಕೊಮ್ಮೆ ನಾವು ಧೂಳು ಒರೆಸಿ ಬರುತ್ತಿದ್ದೆವು.

ಮಹಾಮಾರಿ ನಮ್ಮ ಭಾಗಕ್ಕೆ ಹೊಸತಲ್ಲ. ನೆರೆಯ ಬಸವನಗುಡಿ ಬಡಾವಣೆಯು ಹುಟ್ಟಿದ್ದೇ 1898ರ ಪ್ಲೇಗಿನ ದಿನಗಳಲ್ಲಿ. ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಜನರು ಸಾಯುತ್ತಿದ್ದಾಗ ಗಾಳಿಬೆಳಕುಗಳುಳ್ಳ ಅಗಲವಾದ ರಸ್ತೆಗಳ ಬಡಾವಣೆಗಳು ಬೇಕೆಂದು ಮೈಸೂರು ಸಂಸ್ಥಾನದವರು ಇತ್ತ ಬಸವನಗುಡಿಯನ್ನೂ ಅತ್ತ ಮಲ್ಲೇಶ್ವರವನ್ನೂ ಕಟ್ಟಿಸಿದರು. ಆ ಬಳಿಕ ಊರು ಗುಡ್ಡದ ಈಚೆಗೂ ಹಬ್ಬಿತು. ಇಂದು ನಾವು ವಾಸಿಸುವ ನೆಲಕ್ಕೆ ಒಂದು ಕಾಯಿಲೆಯ ಚರಿತ್ರೆ ಹೀಗೆ ಅಂಟಿಕೊಂಡಿದೆ.

ಅದೇ ಕಾಲಮಾನದಲ್ಲಿ ನಮ್ಮ ಸಮಾಜದ ಹಿರಿಯರು ಇನ್ನೊಂದು ಕಾರ್ಯಕ್ಕೆ ಕೈಹಾಕಿದ್ದರು. ಧರ್ಮಪ್ರವರ್ತ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರ ಛತ್ರವು ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ 1903ರಲ್ಲಿ ತೆರೆಯಿತು. ಅವರ ಧರ್ಮಸಂಸ್ಥೆಯಿಂದಲೇ ಮುಂದೆ ವಿದ್ಯಾರ್ಥಿನಿಲಯವೂ ನಡೆಯಿತು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ ಇದ್ದ ಶಿವಣ್ಣನೆಂಬ ತರುಣರೇ 1930ರಲ್ಲಿ ಸಿದ್ಧಗಂಗಾ ಕ್ಷೇತ್ರದ ಉತ್ತರಾಧಿಕಾರಿಗಳಾಗಿ, ಪರಮಪೂಜ್ಯ ಶಿವಕುಮಾರ ಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದರು.

ಈ ಹೆಸರುಗಳನ್ನು ಓದುಗರು ಬಲ್ಲರು. ಇಲ್ಲಿ ಅವನ್ನು ನೆನೆಯಲು ಕಾರಣವಿಷ್ಟೆ: ಹಳ್ಳಿಯ ಬಡ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಏನೆಂಬುದನ್ನು ಆ ಹಿರಿಯರು ಸರಿಯಾಗಿ ಕಂಡುಕೊಂಡಿದ್ದರು. ಪುಸ್ತಕವನ್ನು ಅವನು ಗೆಳೆಯನಿಂದಲಾದರೂ ಕಡ ತಂದಾನು. ಎರಡು ಹೊತ್ತಿನ ಪ್ರಸಾದ, ರಾತ್ರಿ ಉರಿಯುವ ಒಂದು ದೀಪ, ಕೂರಲೊಂದು ಮೂಲೆ, 'ಇವತ್ತು ಯಾಕಪ್ಪ ಓದಲಿಲ್ಲ' ಎಂದು ಕೇಳುವ ಒಬ್ಬ ಹಿರಿಯರು, ಇಷ್ಟನ್ನು ಕಡ ತರಲು ಬರುವುದಿಲ್ಲ.

2020ರ ಮಾರ್ಚಿನಲ್ಲಿ ಮುಚ್ಚಿದ್ದು ಇದೇ ಬಾಗಿಲು. ಗುಂಪುಗೂಡುವುದೇ ಅಪಾಯವಾದಾಗ ವಿದ್ಯಾರ್ಥಿನಿಲಯಗಳನ್ನು ತೆರವು ಮಾಡದೆ ವಿಧಿಯಿರಲಿಲ್ಲ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಿತು. ಆ ವರ್ಷದ ಬಸವ ಜಯಂತಿಯನ್ನೂ ಅದರ ಮರುವರ್ಷದ ಜಯಂತಿಯನ್ನೂ ನಾವೆಲ್ಲರೂ ಮನೆಯೊಳಗೇ ಆಚರಿಸಿದೆವು.

ಮುಚ್ಚಿದ ಬಾಗಿಲಿನ ಬದಲಿಗೆ ತೆರೆದದ್ದೇನು ಎಂಬುದನ್ನೂ ಹೇಳಬೇಕು. ವಿಶ್ವವಿದ್ಯಾಲಯಗಳು ಸುಮ್ಮನೆ ಕುಳಿತಿರಲಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಿಂದಲೇ ಕೂಡಿಡುತ್ತ ಬಂದಿದ್ದ ಎನ್‌ಪಿಟಿಇಎಲ್ ಪಾಠಗಳಿದ್ದವು. 2017ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ಜಾಲವಿತ್ತು. ಅದರ ಜೊತೆಗೇ ಬಂದ 'ಸ್ವಯಂ ಪ್ರಭಾ' ಎಂಬ 32 ದೂರದರ್ಶನ ವಾಹಿನಿಗಳಿದ್ದವು. ಇವಕ್ಕೆ ಇಂಟರ್ನೆಟ್ ಬೇಡ, ಮನೆಯ ಮೇಲೊಂದು ಡಿಶ್ ಇದ್ದರೆ ಸಾಕು. ಆದರೆ ಧಾರಾವಾಹಿ ನೋಡುವ ಮನೆಗಳಲ್ಲಿ ಆ ವಾಹಿನಿಗಳ ಸಂಖ್ಯೆಯನ್ನು ಬಲ್ಲವರು ಎಷ್ಟು ಮಂದಿ ಇದ್ದರೋ! ಖರಗ್‌ಪುರದ ಐಐಟಿಯವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಪ್ರಬಂಧಗಳ ಭಂಡಾರವಾದ 'ಶೋಧಗಂಗಾ', ಸ್ನಾತಕೋತ್ತರ ವಿದ್ಯಾರ್ಥಿಗಳ ಇ-ಪಿಜಿ ಪಾಠಶಾಲಾ, ಎಲ್ಲವೂ ಉಚಿತ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ 2020ರ ಆರಂಭದಲ್ಲಿ, ಬೀಗಮುದ್ರೆಗೆ ತುಸು ಮೊದಲು, ಡಿಜಿಟಲ್ ಗ್ರಂಥಾಲಯವನ್ನು ತೆರೆದಿತ್ತು. ಕಾಲೇಜು ಶಿಕ್ಷಣ ಇಲಾಖೆಯ ಅಧ್ಯಾಪಕರು ಧ್ವನಿಮುದ್ರಿಸಿದ ಪಾಠಗಳು 'ಜ್ಞಾನನಿಧಿ' ಎಂಬ ಯೂಟ್ಯೂಬ್ ವಾಹಿನಿಗೆ ಏರಿದವು. ಕಪ್ಪು ಹಲಗೆಯ ಮುಂದೆ ಜೀವನವೆಲ್ಲ ಕಳೆದ ಮೇಷ್ಟರುಗಳು ಫೋನನ್ನು ಡಬ್ಬಗಳ ಮೇಲೆ ಒರಗಿಸಿಟ್ಟು, ಕಾಣದ ಮಕ್ಕಳಿಗೆ ಪಾಠ ಹೇಳಿದರು. ಅವರ ಆ ಶ್ರಮವನ್ನು ನಮ್ಮ ಸಮಾಜ ಇನ್ನೂ ಸರಿಯಾಗಿ ನೆನೆದಿಲ್ಲವೆಂಬುದು ನಮ್ಮ ಭಾವನೆ.

ಮಕ್ಕಳ ಮನಸ್ಸಿನ ಕಡೆಗೂ ಗಮನ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್ ಸಹಾಯವಾಣಿ ತೆರೆಯಿತು. 2020ರ ಜುಲೈಯಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ 'ಮನೋದರ್ಪಣ' ಬಂದಿತು.

ಭಂಡಾರ ತುಂಬಿತ್ತು. ಬಾವಿ ತುಂಬಿದ್ದರೂ ಹಗ್ಗ ಬೇಕಷ್ಟೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2017-18ರಲ್ಲಿ ಕಂಡ ಲೆಕ್ಕದಂತೆ, ದೇಶದ ಹಳ್ಳಿಗಳಲ್ಲಿ ನೂರು ಮನೆಗಳಿಗೆ ಸುಮಾರು 4ರಲ್ಲಿ ಮಾತ್ರ ಕಂಪ್ಯೂಟರ್ ಇತ್ತು, ಸುಮಾರು 15ರಲ್ಲಿ ಇಂಟರ್ನೆಟ್ ಇತ್ತು. ಪಟ್ಟಣಗಳಲ್ಲಿಯೂ ನೂರಕ್ಕೆ 23 ಮನೆಗಳಲ್ಲಿ ಕಂಪ್ಯೂಟರ್, 42ರಲ್ಲಿ ಇಂಟರ್ನೆಟ್. ಎರಡು ವರ್ಷಗಳ ತರುವಾಯ ಪಾಠವೆಲ್ಲ ಇದೇ ದಾರಿಯಲ್ಲಿ ಬರತೊಡಗಿತು. 2021ರ ಜೂನಿನ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಿಗ್ನಲ್ ಸಿಗುವ ಜಾಗವೆಂದು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ.

ಕೊಡೆ ಹಿಡಿಯುವ ತಂದೆ ಎಲ್ಲ ಹೆಣ್ಣುಮಕ್ಕಳಿಗೂ ಇರಲಿಲ್ಲ. ನಮ್ಮ ಮಹಡಿಯ ಹುಡುಗನ ಮನೆಯ ಕಥೆಗೆ ಮರಳುತ್ತೇವೆ.

ಅವನಿಗೊಬ್ಬಳು ತಂಗಿ. ತಾಲ್ಲೂಕು ಸ್ಥಳದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಇಬ್ಬರಿಗಿಂತ ಕಿರಿಯನಾದ ತಮ್ಮ ಒಂಬತ್ತನೆಯ ತರಗತಿ. ಮನೆಯಲ್ಲಿ ಪಾಠ ಕೇಳಬಹುದಾದ ಫೋನು ಒಂದೇ. ಮೊದಲ ಮೂರು ತಿಂಗಳು ಸರದಿಯ ಮೇಲೆ ನಡೆಯಿತು. 2020ರ ಜುಲೈಯಲ್ಲಿ ರಾಜ್ಯ ಸರ್ಕಾರವು, ಕೊನೆಯ ವರ್ಷದವರಿಗೆ ಮಾತ್ರ ಪರೀಕ್ಷೆ, ಉಳಿದ ಪದವಿ ವಿದ್ಯಾರ್ಥಿಗಳನ್ನು ಪರೀಕ್ಷೆಯಿಲ್ಲದೆ ಮುಂದಕ್ಕೆ ಕಳುಹಿಸುವುದು ಎಂದು ತೀರ್ಮಾನಿಸಿತು. ಕೊನೆಯ ವರ್ಷದ ಪರೀಕ್ಷೆ ನಡೆಯಲೇಬೇಕೆಂಬುದನ್ನು ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಆ ದಿನಗಳ ಕಷ್ಟದಲ್ಲಿ ಅದು ಸಹಾನುಭೂತಿಯ ತೀರ್ಮಾನವೇ. ಆದರೆ ಅದರ ಮಾತನ್ನು ಹಿಡಿದು ಫೋನು ಅಣ್ಣನ ಪಾಲಾಯಿತು. 'ನಿನಗ ಹೆಂಗೂ ಪರೀಕ್ಷೆ ಇಲ್ಲಲ್ಲ' ಎಂದು ಮನೆಯವರು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ.

ಅಣ್ಣ ಪರೀಕ್ಷೆ ಬರೆದು ತೇರ್ಗಡೆಯಾದನು. ಅಷ್ಟು ಹೊತ್ತಿಗೆ ತಮ್ಮನು ಹತ್ತನೆಯ ತರಗತಿ. ಎಸ್ಸೆಸ್ಸೆಲ್ಸಿ ಎಂದ ಮೇಲೆ ಮಾತೇ ಇಲ್ಲ, ಫೋನು ಅವನಿಗೆ. ನವೆಂಬರ್ 17ರಂದು ಕಾಲೇಜುಗಳು ತೆರೆದವು, ಹಾಜರಾತಿ ಕಡ್ಡಾಯವಿರಲಿಲ್ಲ, ಊರಿಗೆ ಬರುತ್ತಿದ್ದ ಬೆಳಗಿನ ಬಸ್ಸು ಮೊದಲಿನಂತೆ ಓಡಲಿಲ್ಲ. ಕಾಲೇಜಿನಿಂದ ಒಂದು ಸಂದೇಶವಾದರೂ ಬಂದಿದ್ದರೆ, 'ಯಾಕಮ್ಮ ಬರಲಿಲ್ಲ' ಎಂದು ಒಬ್ಬರಾದರೂ ಕೇಳಿದ್ದರೆ ಎಂದು ಆಕೆ ಈಗಲೂ ಹೇಳುತ್ತಾಳೆ. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದಿತು, ತಂದೆ ಹಾಸಿಗೆ ಹಿಡಿದರು. ಜೂನ್ ತಿಂಗಳಲ್ಲಿ ಸರ್ಕಾರವು ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್‌ಗಳನ್ನು ವಿದ್ಯಾರ್ಥಿಗಳಿಗೆ ಹಂಚಲು ಆರಂಭಿಸಿದ್ದು ನಿಜ. ಅವು ಸರ್ಕಾರಿ ಕಾಲೇಜಿನವರಿಗೆ. ಈಕೆಯದು ಖಾಸಗಿ ಕಾಲೇಜು. ಮೂರನೆಯ ವರ್ಷದ ಪರೀಕ್ಷಾ ಶುಲ್ಕವನ್ನು ಯಾರೂ ಕಟ್ಟಲಿಲ್ಲ. ತಂದೆ ಚೇತರಿಸಿಕೊಂಡು ಎದ್ದ ಮೇಲೆ ಮನೆಯಲ್ಲಿ ನಡೆದ ಮೊದಲ ಮಾತು ಅವಳ ಸಂಬಂಧದ ಬಗ್ಗೆ.

ಈ ಕಥೆಯಲ್ಲಿ ದುಷ್ಟರಾರೂ ಇಲ್ಲವೆಂಬುದೇ ನಮಗೆ ಹೆಚ್ಚು ಕಸಿವಿಸಿಯನ್ನುಂಟುಮಾಡುತ್ತದೆ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡ ಪರಂಪರೆ ನಮ್ಮದೆಂದು ಪ್ರತಿ ಸಭೆಯಲ್ಲಿಯೂ ಹೇಳಿಕೊಳ್ಳುತ್ತೇವೆ. ಅಕ್ಕಮಹಾದೇವಿಯ ಹೆಸರನ್ನು ಮಕ್ಕಳಿಗಿಡುತ್ತೇವೆ. ಆದರೆ ಮನೆಯಲ್ಲಿ ಒಂದೇ ಫೋನಿದ್ದಾಗ, ಒಂದೇ ಮೇಜಿದ್ದಾಗ, ಸರದಿಯ ಕೊನೆಯಲ್ಲಿ ನಿಲ್ಲುವವಳು ಯಾರು? ನಮ್ಮ ಸಂಘಗಳವರು ಬಹುಮಾನ ವಿತರಣೆಯ ದಿನ ಅಂಕಪಟ್ಟಿ ತಂದವರನ್ನು ಕರೆದು ಶಾಲು ಹೊದಿಸುತ್ತಾರೆ. ಅಂಕಪಟ್ಟಿಯೇ ಬಾರದೆ ನಿಂತುಹೋದವರ ಪಟ್ಟಿಯನ್ನು ಯಾರಾದರೂ ಮಾಡಿದ್ದಾರೆಯೇ? ಆ ಪಟ್ಟಿಯನ್ನು ಪ್ರತಿ ಬಡಾವಣೆಯ ಬಸವ ಸಮಿತಿಯೂ ಅಕ್ಕನ ಬಳಗವೂ ಈಗಲಾದರೂ ಮಾಡಬೇಕೆಂದು ನಾವು ಬಿನ್ನವಿಸುತ್ತೇವೆ. 2020-21ರಲ್ಲಿ ಓದು ಬಿಟ್ಟವರಿಗೆ ಇಂದಿಗೂ ಇಪ್ಪತ್ತು ಚಿಲ್ಲರೆ ವಯಸ್ಸಷ್ಟೆ.

ಅವರಿಗೆ ದಾರಿಗಳಿವೆ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಪಾಠಗಳನ್ನು ಅಚ್ಚು ಹಾಕಿಸಿ ಕೊಡುತ್ತದೆ. ಅಚ್ಚಾದ ಪಾಠಕ್ಕೆ ಸಿಗ್ನಲ್ ಬೇಕಿಲ್ಲ, ಸರದಿಯೂ ಇಲ್ಲ. ಕಾಲೇಜಿನಲ್ಲಿರುವ ಮಕ್ಕಳಿಗೂ ಒಂದು ಮಾತು: ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮದಂತೆ, ತಮ್ಮ ವಿಶ್ವವಿದ್ಯಾಲಯ ಒಪ್ಪಿದರೆ, ಪದವಿಯ ಕ್ರೆಡಿಟ್‌ಗಳಲ್ಲಿ ನೂರಕ್ಕೆ 40ರವರೆಗೆ 'ಸ್ವಯಂ' ಪಾಠಗಳಿಂದ ಪಡೆಯಬಹುದು. ಕನ್ನಡ ಸಾಹಿತ್ಯ ಓದುವವರಿಗೆ 'ವಚನ ಸಂಚಯ'ವೆಂಬ ಜಾಲತಾಣವುಂಟು. ಕನ್ನಡದ ಕೆಲವು ಉತ್ಸಾಹಿಗಳು ಕಟ್ಟಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದ ಎಲ್ಲೆಲ್ಲಿ ಬಂದಿದೆಯೆಂಬುದನ್ನು ಕ್ಷಣದಲ್ಲಿ ತೋರಿಸುತ್ತದೆ. ನಮ್ಮ ಹಿರಿಯ ವಿದ್ವಾಂಸರು ಇದೇ ಕೆಲಸಕ್ಕೆ ಚೀಟಿಗಳನ್ನು ಬರೆದು ಬರೆದು ಕಣ್ಣು ಕಳೆದುಕೊಂಡರು.

ಇವನ್ನೆಲ್ಲ ಹೇಳಿದರೂ ಮೇಜು ಮತ್ತು ಮೂಲೆಯ ಮಾತು ಉಳಿದೇ ಇದೆ. ಹನುಮಂತನಗರ, ಗವಿಪುರ, ಶ್ರೀನಗರಗಳಲ್ಲಿ ಮಕ್ಕಳು ಪರದೇಶಕ್ಕೆ ಹೋಗಿ, ಇಬ್ಬರೇ ಹಿರಿಯರು ಉಳಿದ ಮನೆಗಳು ನಮ್ಮಲ್ಲಿಯೇ ಎಷ್ಟಿವೆ! ದೊಡ್ಡ ಮಠಗಳಷ್ಟೇ ದಾಸೋಹ ಮಾಡಬೇಕೆಂಬ ಕಟ್ಟಳೆ ಎಲ್ಲಿದೆ? ಪರೀಕ್ಷೆಯ ತಿಂಗಳಲ್ಲಿ ಖಾಲಿ ಕೋಣೆಯೊಂದನ್ನು ಹಳ್ಳಿಯಿಂದ ಬಂದ ಒಬ್ಬ ಮಗಳಿಗೆ ತೆರೆದಿಟ್ಟರೆ, ಎರಡು ರೊಟ್ಟಿ ಹೆಚ್ಚು ತಟ್ಟಿದರೆ, ಅದೂ ಪ್ರಸಾದನಿಲಯವೇ ಅಲ್ಲವೇ?

ಅಣ್ಣನಿಗೆ 2022ರಲ್ಲಿ ಬೆಂಗಳೂರಿನಲ್ಲಿಯೇ ಕೆಲಸವಾಯಿತು. ಸಿಹಿ ಕೊಡಲು ಬಂದವನು ತಂಗಿಯ ವಿಷಯ ಬಂದಾಗ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದನು. ಮೊದಲ ತಿಂಗಳ ಸಂಬಳದಲ್ಲಿ ಅವಳಿಗೊಂದು ಫೋನು ಕೊಂಡು ಕಳುಹಿಸಿದನು, ಮುಕ್ತ ವಿಶ್ವವಿದ್ಯಾನಿಲಯದ ಶುಲ್ಕವನ್ನೂ ಕಟ್ಟಿದನು. ಮೊದಲ ವರ್ಷದಿಂದಲೇ ಆರಂಭಿಸಲು ಅವಳು ಒಪ್ಪಿದಳು. ಊರಿನ ಮನೆಯಲ್ಲಿ ಕೂತು ಓದುವಷ್ಟು ಜಾಗವಿಲ್ಲವೆಂದು ಪರೀಕ್ಷೆಗೆ ಹದಿನೈದು ದಿನ ಮುಂಚೆ ನಮ್ಮ ಮನೆಗೆ ಬಂದು ಇಳಿದಳು. ಮಹಡಿಯ ಅದೇ ಕೋಣೆ, ಅಣ್ಣನದೇ ಮೇಜು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ನಮ್ಮೊಡನೆ ಉಪಾಹಾರ ಮಾಡಿ, ತನ್ನ ಹೊಸ ಫೋನನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟು, "ಸಂಜೀತನಕ ಕೊಡಬ್ಯಾಡ್ರಿ ಅಮ್ಮಾ, ಓದು ಕೆಡ್ತದ" ಎಂದು ಹೇಳಿ ಅಚ್ಚಾದ ಪಾಠಗಳನ್ನು ಎತ್ತಿಕೊಂಡು ಮೇಲೆ ಹೋಗುತ್ತಿದ್ದಳು.