ಎರಡು ಪ್ರತಿ, ಒಂದು ಪಾಠ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ ಮಹಾದೇವ ದೇವಾಲಯವನ್ನು ಒಮ್ಮೆ ಕಂಡವರು ಮರೆಯಲಾರರು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದೆ.

ವಿದ್ಯಾರ್ಥಿಗಳ ಪ್ರವಾಸಕ್ಕೆಂದು ಈ ಗುಡಿಯನ್ನು ಕುರಿತು ನಾನೊಂದು ಲೇಖನ ಬರೆದು, ತಿದ್ದಿಕೊಡಲು ಸಹೋದ್ಯೋಗಿಯೊಬ್ಬರಿಗೆ ಕಳುಹಿಸಿದೆ. ಅವರು ತಿದ್ದುತ್ತಿರುವಾಗಲೇ ನಾನೂ ನನ್ನ ಪ್ರತಿಯನ್ನು ತಿದ್ದಿದೆ. ಹೀಗೆ ಒಂದಿದ್ದ ಲೇಖನ ಎರಡಾಯಿತು!

ಇದು ನಮ್ಮ ನಾಡಿಗೆ ಹೊಸ ತೊಡಕಲ್ಲ. ಇಟಗಿಗೆ ದೂರವಲ್ಲದ ಗದುಗಿನ ಕುಮಾರವ್ಯಾಸನ ಭಾರತವನ್ನು ಎಷ್ಟೋ ಕೈಗಳು ಓಲೆಗರಿಗಳಲ್ಲಿ ನಕಲು ಮಾಡಿದವು. ನಕಲಿನಿಂದ ನಕಲಿಗೆ ಮಾತು ಬದಲಾಯಿತು. ಕುವೆಂಪು ಮತ್ತು ಮಾಸ್ತಿಯವರ ಸಂಪಾದನೆಯಲ್ಲಿ ಆ ಕಾವ್ಯವು 1958ರಲ್ಲಿ ಹೊರಬಂದಿತು. ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಈ ವಿದ್ಯೆಯನ್ನೇ ಕುರಿತು ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ 'ಕನ್ನಡ ಗ್ರಂಥಸಂಪಾದನೆ'ಯನ್ನು ನೀಡಿದರು.

ಇಂದು ಹೋಲಿಸುವ ಕೆಲಸವನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ಮುಗಿಸುತ್ತದೆ. 'ವರ್ಡ್'ನಲ್ಲಿ 'ರಿವ್ಯೂ' ಪಟ್ಟಿಯೊಳಗಿನ 'ಕಂಪೇರ್' ಎಂಬುದನ್ನು ಒತ್ತಿ ಎರಡು ಪ್ರತಿಗಳನ್ನೂ ತೋರಿಸಿದರೆ, ಸೇರಿದ ಮತ್ತು ಬಿಟ್ಟುಹೋದ ಮಾತುಗಳನ್ನೆಲ್ಲ ಗುರುತಿಸಿದ ಮೂರನೆಯ ಪ್ರತಿಯೊಂದು ಸಿದ್ಧವಾಗುತ್ತದೆ. ಹಲವರ ತಿದ್ದುಪಡಿಗಳನ್ನು ಒಟ್ಟುಗೂಡಿಸುವುದಕ್ಕೆ ಅಲ್ಲಿಯೇ 'ಕಂಬೈನ್' ಇದೆ. 'ಲಿಬ್ರೆ ಆಫೀಸ್'ನಲ್ಲಿಯೂ ಇಂಥ ಸೌಕರ್ಯವುಂಟು.

ಕನ್ನಡದವರಿಗೆ ಮಾತ್ರ ಒಂದು ಎಚ್ಚರಿಕೆಯ ಮಾತು. ಒಂದು ಪ್ರತಿಯು ಹಳೆಯ 'ನುಡಿ' ಅಕ್ಷರಗಳಲ್ಲಿಯೂ ಇನ್ನೊಂದು ಯೂನಿಕೋಡ್‌ನಲ್ಲಿಯೂ ಇದ್ದರೆ, ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ. ಪುಟ ಪುಟವೂ ಬಣ್ಣದಿಂದ ತುಂಬಿಹೋಗುತ್ತದೆ. ಆದುದರಿಂದ ಮೊದಲು ಎರಡನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇನ್ನು ನಮ್ಮ ಲೇಖನದ ಕಥೆ. ಹೋಲಿಸಿ ನೋಡಲು, ನನ್ನ ಪ್ರತಿಯಲ್ಲಿ '1121' ಎಂದಿತ್ತು, ಸಹೋದ್ಯೋಗಿಯ ಪ್ರತಿಯಲ್ಲಿ '1112' ಎಂದಿತ್ತು. ಯಂತ್ರವು ಎರಡನ್ನೂ ಬಣ್ಣ ಹಚ್ಚಿ ಮುಂದಿಟ್ಟಿತು. ಯಾವುದು ಸರಿಯೆಂದು ಹೇಳಲಿಲ್ಲ. ನನ್ನ ಪಾಂಡಿತ್ಯದಲ್ಲಿ ನನಗಿದ್ದ ನಂಬಿಕೆಯಿಂದ, ಅವರ ತಿದ್ದುಪಡಿಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವುದರಲ್ಲಿದ್ದೆ. ಏಕೋ ಅನುಮಾನ ಬಂದು ಶಾಸನದ ಅಚ್ಚಾದ ಪಾಠವನ್ನು ತೆರೆದೆ. ತಪ್ಪು ನನ್ನ ಬೆರಳಿನದೇ! ಆ ಒಂದು ಒತ್ತಿಗೆ ಸುಳ್ಳು ವರ್ಷವೊಂದು ಮಕ್ಕಳ ಕೈ ಸೇರುತ್ತಿತ್ತು.

ವ್ಯತ್ಯಾಸವನ್ನು ತೋರಿಸುವುದು ಯಂತ್ರದ ಕೆಲಸ, ತೀರ್ಪು ಮನುಷ್ಯನದು. ಆದುದರಿಂದ ಒಂದೊಂದು ತಿದ್ದುಪಡಿಯನ್ನೂ ಓದಿಯೇ ಒಪ್ಪಬೇಕು ಅಥವಾ ಬಿಡಬೇಕು. ಮೂಲಪ್ರತಿಗಳೆರಡನ್ನೂ ಅಳಿಸದೆ ಕಾಪಾಡಬೇಕು. ಹಿಂದಿನವರು ಗೆದ್ದಲಿನಿಂದ ಉಳಿಸಿದ ಓಲೆಗರಿಗಳು ನಮಗೆ ಕಲಿಸುವ ಪಾಠವೂ ಇದೇ ಅಲ್ಲವೆ?