ಗಾಳ ಹಾಕುವ ಮೊದಲು ಹೊಳೆ ನೋಡಿ

ದಸರಾ ಮುಗಿದು ದೀಪಾವಳಿ ಹತ್ತಿರ ಬಂದಾಗ ಬಿಸಿಲು ಮೆತ್ತಗಾಗ್ತದೆ. ಕೆರೆ, ಹಳ್ಳ, ಹೊಳೆ ಎಲ್ಲದರಲ್ಲೂ ನೀರು ಇರ್ತದೆ. ಕಾರಮಡೈ, ಮೇಟುಪಾಳ್ಯ, ಸಿರುಮುಗೈ ಕಡೆಯ ನಮ್ಮ ಜನ ಭಾನುವಾರ ಬಂದರೆ ಭವಾನಿ ಹೊಳೆ ಕಡೆ ಹೊರಡ್ತಾರೆ. ಕೆಲವರು ಗಾಳ ಹಿಡಿದು ಹೋಗ್ತಾರೆ. ಕೆಲವರು ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಹೋಗ್ತಾರೆ. ಹೋಗುವುದು ಒಳ್ಳೆಯದೇ. ಆದರೆ ಹೋದವರು ಎಲ್ಲರೂ ಮನೆಗೆ ಮರಳಬೇಕು. ಅದಕ್ಕೆ ಹೊಳೆಯ ಗುಣ ತಿಳಿದಿರಬೇಕು.

ಭವಾನಿ ಎಲ್ಲಿಂದ ಬರ್ತದೆ?

ಭವಾನಿ ಹುಟ್ಟುವುದು ನೀಲಗಿರಿ ಬೆಟ್ಟದಲ್ಲಿ. ಅಲ್ಲಿಂದ ಕೇರಳದ ಅಟ್ಟಪ್ಪಾಡಿಗೆ ಹೋಗ್ತದೆ. ಮತ್ತೆ ತಿರುಗಿ ತಮಿಳುನಾಡಿಗೆ ಬರ್ತದೆ. ಪಿಲ್ಲೂರು ಅಣೆಕಟ್ಟು ದಾಟಿ, ಮೇಟುಪಾಳ್ಯ, ಸಿರುಮುಗೈ ಮುಟ್ಟುತ್ತದೆ. ಮುಂದೆ ಭವಾನಿಸಾಗರದಲ್ಲಿ ಮೋಯಾರು ಹೊಳೆ ಇದನ್ನು ಸೇರ್ತದೆ. ಭವಾನಿಸಾಗರ ಅಣೆ ಮುಗಿದದ್ದು 1955ರಲ್ಲಿ. ಕೊನೆಗೆ ಭವಾನಿ ಎಂಬ ಊರಿನಲ್ಲಿ ಕಾವೇರಿಯನ್ನು ಕೂಡ್ತದೆ. ಕೊಡಗಿನಲ್ಲಿ ಹುಟ್ಟಿದ ಕಾವೇರಿ ತಾಯಿಗೆ ನಮ್ಮ ಭವಾನಿ ಮಗಳಿದ್ದ ಹಾಗೆ.

ಈ ಕಾಲದಲ್ಲಿ ಮೀನು ಏಕೆ ಸಿಗ್ತದೆ?

ಜೂನ್‌ನಿಂದ ಬೆಟ್ಟದ ಮೇಲೆ ಮುಂಗಾರು ಮಳೆ. ಆಗ ಹೊಳೆ ಕೆಂಪಗೆ ಹರೀತದೆ. ಕಟ್ಲಾ, ರೋಹು, ಮೃಗಾಲ್ ಮೀನುಗಳು ಮೊಟ್ಟೆ ಇಡುವುದು ಇಂಥ ಹರಿವ ಹೊಸ ನೀರಿನಲ್ಲೇ. ಅಕ್ಟೋಬರ್ ಹೊತ್ತಿಗೆ ಕೆಸರು ತಳಕ್ಕೆ ಇಳೀತದೆ. ಹಿಂಗಾರು ಮಳೆ ದಡದ ಹುಳುಗಳನ್ನು ನೀರಿಗೆ ತರ್ತದೆ. ತಿನ್ನಲು ಮೀನು ದಡದ ಹತ್ತಿರ ಬರ್ತದೆ. ಎರೆಹುಳವೋ ರಾಗಿ ಹಿಟ್ಟಿನ ಉಂಡೆಯೋ ಕೊಕ್ಕೆಗೆ ಚುಚ್ಚಿ, ಸುಮ್ಮನೆ ಕೂತರೆ ಬೆಂಡು ಅಲುಗ್ತದೆ.

ಕೆರೆಯಲ್ಲಿ ಹೆಚ್ಚಾಗಿ ಸಿಗುವುದು ಜಿಲೇಬಿ ಮೀನು. ಇದರ ಇನ್ನೊಂದು ಹೆಸರು ತಿಲಾಪಿಯಾ. ಇದು ಆಫ್ರಿಕಾದ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಇದು ನಿಂತ ನೀರಿನಲ್ಲೂ ಮರಿ ಮಾಡ್ತದೆ. ಕಟ್ಲಾ, ರೋಹು ಹಾಗಲ್ಲ. ಕೆರೆಗೆ ಅವುಗಳ ಮರಿ ತಂದು ಬಿಡಬೇಕು. ಆದ್ದರಿಂದ ಬೆರಳುದ್ದದ ಮರಿ ಸಿಕ್ಕರೆ ನೀರಿಗೇ ಬಿಡಿ. ಇವತ್ತಿನ ಮರಿ ಬರುವ ವರುಷದ ಊಟ.

ಬಿಡಲೇಬೇಕಾದ ಮೀನು

ಮಹಸೀರ್ ಎಂಬ ದೊಡ್ಡ ಮೀನಿದೆ. ಕಾವೇರಿ ದಡದ ಕನ್ನಡದವರು ಇದನ್ನು ಬಿಳಿ ಮೀನು ಅಂತಾರೆ. 1946ರಲ್ಲಿ ಮೈಸೂರು ಸೀಮೆಯ ಕಬಿನಿ ಹೊಳೆಯಲ್ಲಿ 120 ಪೌಂಡು ತೂಕದ ಮಹಸೀರ್ ಗಾಳಕ್ಕೆ ಬಿದ್ದಿತ್ತು. ಅಂದರೆ ಸುಮಾರು 54 ಕಿಲೋ! ಕಾವೇರಿ ಮತ್ತು ಅದನ್ನು ಕೂಡುವ ಹೊಳೆಗಳಲ್ಲಿ ಮಾತ್ರ ಇರುವ, ಬೆನ್ನು ಉಬ್ಬಿದ ಮಹಸೀರ್ ಈಗ ಅಳಿಯುವ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಜಗತ್ತಿನ ಅತಿ ಅಪಾಯದ ಜೀವಿಗಳ ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳು ತೆಗೆಯುವುದು, ತೋಟೆ ಸಿಡಿಸುವುದು, ಎಲ್ಲ ಸೇರಿ ಇದಕ್ಕೆ ಕೇಡು ಮಾಡಿವೆ.

ತೋಟೆ ಸಿಡಿಸಿದರೆ ದೊಡ್ಡ ಮೀನಿನ ಜೊತೆ ಮರಿಯೂ ಸಾಯ್ತದೆ. ಹಿಡಿದವನ ಕೈಯೂ ಹೋಗ್ತದೆ. ವಿಷ ಹಾಕಿದರೆ ಅದೇ ನೀರು ದನ ಕುಡೀತದೆ, ನಾವೂ ಕುಡೀತೇವೆ. ತೋಟೆ, ವಿಷ ಎರಡೂ ಕೂಡದು ಎಂದು 1897ರಲ್ಲೇ ಕಾನೂನು ಬಂತು.

ಕೆನಡಾದಲ್ಲಿ ಹೇಗೆ?

ಕೆನಡಾ ಎಂಬ ದೇಶ ಭೂಮಿಯ ಉತ್ತರದಲ್ಲಿದೆ. ಅದರ ಆಂಟೇರಿಯೋ ಎಂಬ ಒಂದೇ ಪ್ರಾಂತ್ಯದಲ್ಲಿ 2,50,000ಕ್ಕೂ ಹೆಚ್ಚು ಸರೋವರಗಳಿವೆ. ಚಳಿಗಾಲಕ್ಕೆ ಅಲ್ಲಿ ನೀರಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೂ ಮೊದಲು ಜನ ದೋಣಿಯಲ್ಲಿ ಕೂತು ಗಾಳ ಹಾಕ್ತಾರೆ. ಆದರೆ ಅಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕು. ಯಾವ ಮೀನು, ಎಷ್ಟು ಮೀನು ಎಂಬ ಲೆಕ್ಕವೂ ಇದೆ. ಅಷ್ಟು ನೀರಿರುವವರೇ ಲೆಕ್ಕ ಇಟ್ಟಿದ್ದಾರೆ. ಒಂದೇ ಹೊಳೆ ನಂಬಿದ ನಾವು ಇನ್ನೂ ಜೋಪಾನವಾಗಿ ಇರಬೇಕಲ್ಲವೇ?

ಆ ದೇಶಕ್ಕೂ ನಮಗೂ ಒಂದು ನಂಟು ಇದೆ. ನೀಲಗಿರಿಯ ಕುಂದಾ ವಿದ್ಯುತ್ ಯೋಜನೆ 1950ರ ದಶಕದಲ್ಲಿ ಕೆನಡಾದ ನೆರವಿನಿಂದ ಶುರುವಾಯಿತು. ಪಿಲ್ಲೂರು ಅಣೆಯೂ ಆ ಯೋಜನೆಗೆ ಸೇರಿದ್ದು.

ಮಳೆ ಇಲ್ಲ, ನೀರು ಏಕೆ ಏರಿತು?

ಇದನ್ನು ನಿಧಾನವಾಗಿ ಓದಿ. ಪಿಲ್ಲೂರು ಅಣೆಯ ಪೂರ್ತಿ ಮಟ್ಟ 100 ಅಡಿ. ನೀರು 97 ಅಡಿ ಹತ್ತಿರ ಬಂದರೆ ಬಾಗಿಲು ತೆಗೆದು ಹೊಳೆಗೆ ಬಿಡ್ತಾರೆ. ಕರೆಂಟು ತೆಗೆಯುವಾಗಲೂ ನೀರು ಬಿಡ್ತಾರೆ. ಮಳೆ ಬಿದ್ದದ್ದು ಮೇಲೆ ನೀಲಗಿರಿಯಲ್ಲಿ, ಕೇರಳದಲ್ಲಿ. ನಮ್ಮ ತಲೆ ಮೇಲೆ ಬಿಸಿಲು. ಆದರೂ ಮೊಣಕಾಲುದ್ದದ ನೀರು ನೋಡ ನೋಡುತ್ತಲೇ ಎದೆ ಮಟ್ಟಕ್ಕೆ ಬರಬಹುದು. ನಡುವಿನ ಬಂಡೆ ಮೇಲೆ ಕೂತವರಿಗೆ ದಡಕ್ಕೆ ದಾರಿ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಅಣೆ ತುಂಬಿ ನೀರು ಬಿಟ್ಟಾಗ ದಡದ ಊರುಗಳಿಗೆಲ್ಲ ಎಚ್ಚರಿಕೆ ಕೊಟ್ಟಿದ್ದರು.

ದಡದಲ್ಲಿ ಬೋರ್ಡು ಇದ್ದರೆ ಓದಿ. ಇಲ್ಲಿ ಬೋರ್ಡು ತಮಿಳಿನಲ್ಲಿ ಇರ್ತದೆ. ಅಕ್ಷರ ಬೇರೆ, ಆದರೆ ಮಾತು ಹತ್ತಿರ. 'ಅಪಾಯಂ' ಅಂದರೆ ನಮ್ಮ ಅಪಾಯ. 'ಎಚ್ಚರಿಕ್ಕೈ' ಅಂದರೆ ನಮ್ಮ ಎಚ್ಚರಿಕೆ. ಓದಲು ಬಾರದಿದ್ದರೆ ನಾಚಿಕೆ ಬೇಡ. ಊರಿನವರನ್ನು, ಶಾಲೆಗೆ ಹೋಗುವ ಮಗುವನ್ನು ಕೇಳಿ.

ಹರಿಗೋಲಿನ ಪಯಣ

ಗಾಳ ಬೇಡ, ನೀರಿನ ಮೇಲೆ ಸುತ್ತಿದರೆ ಸಾಕು ಅನ್ನುವವರೂ ಇದ್ದಾರೆ. ಪಿಲ್ಲೂರು ಹಿನ್ನೀರಿನ ದಡದಲ್ಲಿ ಪರಳಿಕ್ಕಾಡು ಇದೆ. ಅರಣ್ಯ ಇಲಾಖೆಯವರು ಅಲ್ಲಿ ಜನರನ್ನು ಹರಿಗೋಲಿನಲ್ಲಿ ಕರೆದೊಯ್ಯುವ ಏರ್ಪಾಡು ಮಾಡಿದ್ದಾರೆ. ತಮಿಳಿನಲ್ಲಿ ಇದಕ್ಕೆ ಪರಿಸಲ್ ಅಂತಾರೆ. ಹುಟ್ಟು ಹಾಕುವವರು ಅಲ್ಲಿಯ ಇರುಳರು. ಇದರಿಂದ ಅವರಿಗೂ ದುಡಿಮೆ. ಮೊದಲೇ ಹೇಳಿ ಜಾಗ ಹಿಡಿಯಬೇಕು. ಆ ವಾರ ನಡೀತದೆಯೇ ಎಂದು ಕೇಳಿಕೊಂಡೇ ಹೊರಡಿ.

ನೆನಪಿಡಿ

1. ಅಣೆಯಿಂದ ನೀರು ಬಿಡ್ತಾರೆಯೇ ಎಂದು ಕೇಳಿಯೇ ಹೊಳೆಗೆ ಇಳಿಯಿರಿ.
2. ನಡು ಹೊಳೆಯ ಬಂಡೆ ಮೇಲೆ ಕೂರಬೇಡಿ. ನೀರಿನ ಬಣ್ಣ ಬದಲಾದರೆ, ಕಸ ಕಡ್ಡಿ ತೇಲಿ ಬಂದರೆ, ತಕ್ಷಣ ದಡಕ್ಕೆ ಬನ್ನಿ.
3. ಅಣೆಯ ಮೀನಿಗೆ ಅನುಮತಿ ಬೇಕು. ಕೆರೆಯನ್ನು ಹರಾಜಿನಲ್ಲಿ ಪಡೆದವರು ಇದ್ದರೆ ಅವರನ್ನು ಕೇಳಿ. ಕಾಡಿನೊಳಗೆ ಗಾಳ ಬೇಡ.
4. ಸಂಜೆ ಆನೆಗಳು ನೀರಿಗೆ ಬರ್ತವೆ. ಬಿಸಿಲಿರುವಾಗಲೇ ಮನೆಗೆ ಹೊರಡಿ.
5. ಯಾರಾದರೂ ಮುಳುಗಿದರೆ ಈಜು ಬಾರದವರು ಹಾರಬೇಡಿ. ಹಗ್ಗ, ಸೀರೆ, ಪಂಚೆ, ಉದ್ದನೆ ಕೋಲು, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ಕೂಗಿ ಜನ ಸೇರಿಸಿ. 108ಕ್ಕೆ ಫೋನ್ ಮಾಡಿ.
6. ಹರಿದ ದಾರ, ಕೊಕ್ಕೆ, ಪ್ಲಾಸ್ಟಿಕ್ ದಡದಲ್ಲಿ ಬಿಡಬೇಡಿ. ದನದ ಕಾಲಿಗೆ, ಹಕ್ಕಿಯ ಕೊರಳಿಗೆ ಸಿಕ್ಕಿಕೊಳ್ತದೆ.

ಓದಿ, ಉತ್ತರ ಬರೆಯಿರಿ

1. ಭವಾನಿ ಹೊಳೆ ಯಾವ ನದಿಯನ್ನು ಸೇರ್ತದೆ?
2. ಮಳೆ ಇಲ್ಲದಾಗಲೂ ಹೊಳೆ ಏರುವುದು ಏಕೆ?
3. ಮೀನಿನ ಮರಿ ಸಿಕ್ಕರೆ ಏನು ಮಾಡಬೇಕು?
4. ನಿಮ್ಮ ಊರಿನ ಹೊಳೆ, ಕೆರೆಯಲ್ಲಿ ಅಪಾಯದ ಜಾಗ ಯಾವುದು? ಅದರ ಹೆಸರು ಬರೆದು ಮನೆಯ ಮಕ್ಕಳಿಗೆ ಓದಿ ಹೇಳಿ.